ತಿಳವಳ್ಳಿಯ ಪೆಟ್ಟಿಗೆ ಹೇಳಿದ್ದು

ಶಿಗ್ಗಾಂವಿ
8 ಜುಲೈ 2024

ಕೌಸರ,

ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೇ ಈ ಕಾಗದ. ಡಿಪ್ಲೊಮಾ ಓದುವಾಗ ಒಂದೇ ಬೆಂಚಿನಲ್ಲಿ ಕುಳಿತವರು ನಾವು. ಆ ಋಣಕ್ಕಾದರೂ ಕೊನೆಯವರೆಗೆ ಓದು, ಆಮೇಲೆ ಬೇಕಾದರೆ ಹರಿದುಹಾಕು.

ಜೂನ್‌ನಲ್ಲಿ ತಿಳವಳ್ಳಿಯಲ್ಲಿ ಆ ಬಾಣಂತಿ ತೀರಿಕೊಂಡಾಗ ನಾನು ಹಿರೇಕೆರೂರಿನ ತವರಿನಲ್ಲಿದ್ದೆ. ಅವ್ವನ ಕಣ್ಣಿನ ಆಪರೇಷನ್ ಇತ್ತು. ತಿರುಗಿ ಬರುವಷ್ಟರಲ್ಲಿ ಇವರೆಲ್ಲ ಸೇರಿ ನಿನ್ನನ್ನು ಲೈನು ಜೋಡಿಸುವ ಕೆಲಸದಿಂದ ತೆಗೆದಿದ್ದರು. ಮನೆಯಲ್ಲಿ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಇಂಟರ್ನೆಟ್ ಲೈನು ದಿನವಿಡೀ ಸರಿಯಿತ್ತು, ದವಾಖಾನೆಯೊಳಗಿನ ಜೋಡಣೆಯನ್ನು ಕೌಸರ ಕೆಡಿಸಿದಳು. ಆಫೀಸಿನ ಸ್ಕ್ರೀನಿನ ಮೇಲೆ ಲೈನು ನಡೆದಿದೆ ಎನ್ನುವ ಹಸಿರು ಇತ್ತಲ್ಲ, ಅದೇ ಸಾಕ್ಷಿಯಂತೆ.

ನನಗೆ ನಂಬಿಕೆಯಾಗಲಿಲ್ಲ. ನೀನು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ.

ನನ್ನ ಪರಿಸ್ಥಿತಿ ನಿನಗೆ ಗೊತ್ತು. ಕೆಳಗೆ ಆಫೀಸು, ಮೇಲೆ ಮನೆ. ಊರೂರಿಗೆ ಇಂಟರ್ನೆಟ್ ಲೈನು ಕೊಡುವ ಈ ಕಂಪನಿ ಮಾವನವರದು, ಅದನ್ನು ನಡೆಸುವವರು ಭಾವ ಸುಯಮೀಂದ್ರ, ಬಿಲ್ಲು ನೋಡುವವರು ನನ್ನ ಗಂಡ. ಸಾಫ್ಟ್‌ವೇರ್ ಬರೆದವರೂ ಭಾವನವರೇ, ಸಂಭಾಳಿಸುವವಳು ಮಾತ್ರ ನಾನು. ಎಷ್ಟೋ ವಾರ ಗೇಟು ದಾಟುವ ಪ್ರಸಂಗವೇ ಬರುವುದಿಲ್ಲ. ಅಂದು ಏನಾಯಿತು ಎಂದು ನಿನ್ನ ಬಾಯಿಂದ ಕೇಳಬೇಕು. ಮನೆಯ ವಿಳಾಸಕ್ಕೆ ಬರೆಯಬೇಡ. ಗೇಟಿನ ಎದುರಿಗೆ ಸರೋಜವ್ವನ ಹೊಲಿಗೆ ಅಂಗಡಿಯಿದೆ, ಅಲ್ಲಿಗೆ ಬರೆ. ಆಕೆಗೆ ಹೇಳಿಟ್ಟಿದ್ದೇನೆ.

ವೇದಾ


ಹಾನಗಲ್ಲ
19 ಜುಲೈ 2024

ವೇದಾ,

ಕೇಳಿದ್ದೀಯ, ಹೇಳುತ್ತೇನೆ.

ಗುತ್ತೆವ್ವನಿಗೆ ಎರಡನೆಯ ಹೆರಿಗೆ. ಬಿ.ಪಿ. ಏರಿತ್ತು. ತಿಳವಳ್ಳಿಯ ದವಾಖಾನೆಯವರು ರಿಪೋರ್ಟುಗಳನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ಕಳಿಸಿ ಕಾಯುತ್ತಿದ್ದರು. ಏನೂ ಹೋಗುತ್ತಿರಲಿಲ್ಲ, ಲೈನು ಸತ್ತಿತ್ತು. ನರ್ಸ್ ನಿಮ್ಮ ಆಫೀಸಿಗೆ ಫೋನ್ ಮಾಡಿದಳು. ನಿನ್ನ ಭಾವ, "ಇಲ್ಲೆ ಹಸಿರು ಅದ, ಲೈನ್ ಬರೋಬರಿ ಅದ, ಹೋಗ್ತದ ತಡೀರಿ" ಎಂದರು. ಅವರು ತಡೆದರು. ಮಧ್ಯಾಹ್ನವೆಲ್ಲ ತಡೆದರು.

ನಾನು ಸಂಜೆ ಅಲ್ಲಿಗೆ ಮುಟ್ಟಿದೆ. ಕಂಬದ ಮೇಲೆ ಇಲಿ ಕಡಿದ ಕೇಬಲ್ ಸಿಕ್ಕಿತು. ಫೋನ್ ಮಾಡಿ, "ಸರ್, ಲೈನ್ ಸತ್ತೈತ್ರಿ, ಕಣ್ಣಾರೆ ನೋಡಾಕತ್ತೇನಿ" ಎಂದೆ. "ಇಲ್ಲೆ ಹಸಿರು ಅದ" ಎಂದರು ಮತ್ತೆ. ಆ ಹೊತ್ತಿಗೆ ಆಕೆಗೆ ಫಿಟ್ಸ್ ಬಂದಿತ್ತು. ಮಗುವನ್ನು ತೆಗೆದರು, ಅದು ಉಳಿಯಿತು. ಹಾನಗಲ್ಲಿಗೆ ತರುವ ಹಾದಿಯಲ್ಲಿ ಆಕೆ ಹೋದಳು. ಜೀಪಿನಲ್ಲಿ ಆಕೆಯ ಕಾಲು ಹಿಡಿದು ಕುಳಿತವಳು ನಾನು.

ಇಷ್ಟೇ.

ಕೌಸರ


ಶಿಗ್ಗಾಂವಿ
2 ಆಗಸ್ಟ್ 2024

ಕೌಸರ,

ನಿನ್ನ ಕಾಗದವನ್ನು ಸರೋಜವ್ವ ಬ್ಲೌಸಿನ ಮಡಿಕೆಯಲ್ಲಿಟ್ಟು ಕೊಟ್ಟಳು. ಅದನ್ನು ಓದಿದ ದಿನದಿಂದ ಬೇರೆ ಕೆಲಸ ಮಾಡಲಾಗಲಿಲ್ಲ. ಆ ಹಸಿರು ಎಲ್ಲಿಂದ ಬಂತು ಎಂದು ಹುಡುಕುತ್ತ ಕುಳಿತೆ. ಸಿಕ್ಕಿತು.

ನೀನು ಊರಿನ ಲೈನುಗಳೆಲ್ಲ ಕೂಡುವ ಪೆಟ್ಟಿಗೆಗಳ ಕಡೆಯವಳು, ಅವು ಹೇಳುವುದನ್ನು ಓದುವ ಕಡೆಗೆ ನೀನು ಬಂದವಳಲ್ಲ. ಆದ್ದರಿಂದ ಬಿಡಿಸಿ ಬರೆಯುತ್ತೇನೆ. ನಮ್ಮ ಸಾಫ್ಟ್‌ವೇರ್ ಪ್ರತಿ ಊರಿನ ಪೆಟ್ಟಿಗೆಯನ್ನೂ ಆಗಾಗ ಕೇಳುತ್ತದೆ: ನಿನ್ನ ಲೈನುಗಳೆಲ್ಲ ಹೇಗಿವೆ? ಪೆಟ್ಟಿಗೆ ಎಕ್ಸ್‌ಎಂಎಲ್ ಎಂಬ ಬರವಣಿಗೆಯಲ್ಲಿ ಉತ್ತರ ಕೊಡುತ್ತದೆ. ಪ್ರತಿ ಲೈನಿಗೂ ಒಂದು ಹೆಸರು, ಅದರ ಪಕ್ಕದಲ್ಲಿ ನಡೆದಿದೆಯೋ ಸತ್ತಿದೆಯೋ ಎಂಬ ಮಾತು. ಈ ಬರವಣಿಗೆಗೆ ಬಹಳ ಮಡಿ. ತೆರೆದ ಗುರುತನ್ನು ಮುಚ್ಚಲೇಬೇಕು. & ಎಂಬ ಚಿಹ್ನೆಯನ್ನು ಹಾಗೇ ಬರೆಯುವಂತಿಲ್ಲ, ಅದಕ್ಕೆ ಬೇರೆ ರೂಪವಿದೆ. ಒಂದು ಕಡೆ ತಪ್ಪಿದರೂ ಓದುವ ಪ್ರೋಗ್ರಾಮು ಅಲ್ಲಿಗೇ ನಿಂತುಬಿಡುತ್ತದೆ, ಮುಂದಿನದನ್ನು ನೋಡುವುದೇ ಇಲ್ಲ.

ತಿಳವಳ್ಳಿಯ ದವಾಖಾನೆಯ ಹೆಸರು 'ತಾಯಿ & ಮಗು'. ನಮ್ಮ ಪೆಟ್ಟಿಗೆಗಳು ಅಗ್ಗದ ಮಾಲು, ಆ ಚಿಹ್ನೆಯನ್ನು ಇದ್ದಂತೆಯೇ ಕಳಿಸುತ್ತವೆ. ನಮ್ಮ ಪ್ರೋಗ್ರಾಮು ಅದನ್ನು ಎಡವಿ ಬೀಳುತ್ತದೆ. ಬಿದ್ದಾಗ ಏನು ಮಾಡಬೇಕು ಎಂದು ಭಾವನವರು ಎರಡು ಸಾಲು ಬರೆದಿದ್ದಾರೆ: ಉತ್ತರ ಓದಲಾಗದಿದ್ದರೆ ಹಿಂದಿನ ಬಣ್ಣವನ್ನೇ ಇಟ್ಟುಕೋ.

ಹಿಂದಿನ ಬಣ್ಣ ಹಸಿರು. ಫೆಬ್ರುವರಿಯಲ್ಲಿ ಲೈನು ಹಾಕಿದ ದಿನ, ಹೆಸರು ಬರೆಯುವ ಮೊದಲು, ಒಮ್ಮೆ ಹಸಿರಾದದ್ದು. ಆಮೇಲೆ ತಿಳವಳ್ಳಿಯ ಪೆಟ್ಟಿಗೆ ಹೇಳಿದ ಒಂದು ಮಾತನ್ನೂ ನಾವು ಓದಿಲ್ಲ ಕೌಸರ. ಅಂದು ಮಧ್ಯಾಹ್ನವಿಡೀ ಅದು ಲೈನು ಸತ್ತಿದೆ, ಸತ್ತಿದೆ ಎಂದೇ ಹೇಳಿತ್ತು. ಬಂದ ಉತ್ತರಗಳೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಬಿದ್ದಿವೆ.

ಇದನ್ನು ಭಾವನವರಿಗೆ ಹೇಳುತ್ತೇನೆ. ನೋಡಿದರೆ ಅವರಿಗೂ ತಿಳಿಯುತ್ತದೆ. ಎಷ್ಟೆಂದರೂ ಓದಿದವರು.

ನಿನ್ನ ವೇದಾ


ಹಾನಗಲ್ಲ
11 ಆಗಸ್ಟ್ 2024

ವೇದಾ,

ಆ ಹೆಸರನ್ನು ಪೆಟ್ಟಿಗೆಯಲ್ಲಿ ಬರೆದವಳು ನಾನು. ಬೋರ್ಡಿನ ಮೇಲಿದ್ದಂತೆ ಬರೆದೆ. 'ಮತ್ತು' ಎಂದು ಬರೆದಿದ್ದರೆ ಹೀಗಾಗುತ್ತಿತ್ತೇ? ಗುತ್ತೆವ್ವ ಬದುಕುತ್ತಿದ್ದಳೇ? ಎರಡು ದಿನದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಅಮ್ಮಿ ತಾಟು ತಂದು ಮುಂದಿಡುತ್ತಾಳೆ, ಹಾಗೇ ಒಯ್ಯುತ್ತಾಳೆ. "ಒಂದ್ ತುತ್ತರ ತಿನ್ನು ಬೇಟಿ" ಎಂದು ನಿನ್ನೆ ಅತ್ತಳು.

ಭಾವನಿಗೆ ಹೇಳುವ ಮೊದಲು ನನ್ನನ್ನು ಕೇಳಬೇಕಿತ್ತು ನೀನು.

ಕೌಸರ


ಶಿಗ್ಗಾಂವಿ
20 ಆಗಸ್ಟ್ 2024

ಕೌಸರ,

ಮೊದಲು ಇದನ್ನು ಕೇಳು. ತಮ್ಮ ದವಾಖಾನೆಗೆ ಜನ ಏನು ಬೇಕಾದರೂ ಹೆಸರಿಡುತ್ತಾರೆ. ಬರೆಯುವವಳು ಬರೆಯುತ್ತಾಳೆ. ಎಂಥ ಹೆಸರು ಬಂದರೂ, ಉತ್ತರ ಅರ್ಧಕ್ಕೇ ಕತ್ತರಿಸಿ ಬಂದರೂ, ಎರಡು ಉತ್ತರ ಒಂದಕ್ಕೊಂದು ಅಂಟಿಕೊಂಡು ಬಂದರೂ ತಡೆದುಕೊಂಡು ಓದುವುದು ಪ್ರೋಗ್ರಾಮಿನ ಕೆಲಸ. ಏನು ಮಾಡಿದರೂ ಓದಲಾಗಲಿಲ್ಲವೇ? ಓದಲಾಗಲಿಲ್ಲ ಎಂದು ಹೇಳಬೇಕು. ಎಲ್ಲ ಸರಿಯಿದೆ ಎನ್ನಬಾರದು. ಇದರಲ್ಲಿ ನಿನ್ನ ತಪ್ಪು ಎಳ್ಳಷ್ಟೂ ಇಲ್ಲ.

ಇನ್ನು ಇಲ್ಲಿಯ ಸಂಗತಿ. ನಿನ್ನ ಕಾಗದ ಬರುವ ಮೊದಲೇ ನಾನು ಹೇಳಿಬಿಟ್ಟಿದ್ದೆ. ಬರಿಗೈಲಿ ಹೋಗಿರಲಿಲ್ಲ, ಓದುವ ಭಾಗವನ್ನು ಹೊಸದಾಗಿ ಬರೆದುಕೊಂಡೇ ಹೋಗಿದ್ದೆ. ಉತ್ತರದ ಕೊನೆಯ ಗುರುತು ಬರುವವರೆಗೆ ಅದು ಕಾಯುತ್ತದೆ, ಬಿಡಿ ಚಿಹ್ನೆಗಳನ್ನು ತಿದ್ದಿಕೊಂಡು ಓದುತ್ತದೆ, ಏನೂ ಆಗದಿದ್ದರೆ ಬೂದಿ ಬಣ್ಣ ತೋರಿಸುತ್ತದೆ. ಬೂದಿ ಎಂದರೆ ಗೊತ್ತಿಲ್ಲ ಎಂದರ್ಥ. ಪಕ್ಕದ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಿದೆ. ಹಾನಗಲ್ಲು, ಸವಣೂರು, ನಮ್ಮ ಮಾಸೂರಿನ ಕಡೆ, ಎಲ್ಲೆಲ್ಲೂ ಬೂದಿ ಎದ್ದಿತು. ಇದ್ದ ಲೈನುಗಳಲ್ಲಿ ಹತ್ತಿರ ಹತ್ತಿರ ಕಾಲುಭಾಗ.

ಭಾವನವರು ಬಹಳ ಹೊತ್ತು ನೋಡಿದರು. ಆಮೇಲೆ, "ಇದನ್ನ ಮಂದಿ ನೋಡಿದ್ರ ದವಾಖಾನಿ ಕಾಂಟ್ರಾಕ್ಟ್ ಉಳೀತದೇನು?" ಎಂದರು. ಇನ್ನಷ್ಟು ಹೊತ್ತು ಬಿಟ್ಟು, "ಆ ಹೆಸರು ಹಾಕಿದ್ದ್ಯಾರು?" ಎಂದರು. ನಾನು ಬಾಯಿ ಬಿಡಲಿಲ್ಲ. ಅವರೇ ಹುಡುಕಿದರು. ನಿನ್ನ ಲಾಗಿನ್ ಅಲ್ಲಿತ್ತು.

ಊಟದ ಹೊತ್ತಿಗೆ ಮಾವನವರು ಕರೆದರು. "ವೇದಾ, ಈ ಮನಿ ನಡಿಯೂದು ಇದರ ಮ್ಯಾಲ. ನೀ ಸೊಸಿ ಇದ್ದಿ, ನೌಕರಿಯವರ ಗತೆ ಮಾತಾಡಬ್ಯಾಡ." ನನ್ನ ಗಂಡ ಪ್ರಾಣೇಶ ತಟ್ಟೆ ನೋಡುತ್ತ ಕುಳಿತಿದ್ದರು. ಅತ್ತೆಯವರು ಹುಳಿ ಬಡಿಸಿದರು. ಅದರಲ್ಲಿ ಉಪ್ಪಿರಲಿಲ್ಲ, ಯಾರೂ ಹೇಳಲಿಲ್ಲ.

ನಾನು ಬರೆದದ್ದನ್ನು ಭಾವನವರು ಅಳಿಸಿಹಾಕಿದರು.

ವೇದಾ


ಹಾನಗಲ್ಲ
14 ಸೆಪ್ಟೆಂಬರ್ 2024

ವೇದಾ,

ಗುತ್ತೆವ್ವನ ಗಂಡ ಕುಬೇರಪ್ಪ ಕೊಟ್ಟ ದೂರಿನ ಮೇಲೆ ವಿಚಾರಣೆ ಶುರುವಾಗಿದೆ. ನಿಮ್ಮ ಕಂಪನಿಯ ಉತ್ತರದ ಪ್ರತಿಯನ್ನು ನನಗೂ ಕೊಟ್ಟರು. ಲೈನು ದಿನವಿಡೀ ಸರಿಯಿತ್ತು ಎಂದವರು ಈಗ ಮಾತು ಬದಲಿಸಿದ್ದಾರೆ: 'ಕೌಸರ ಎಂಬ ನೌಕರಳು ನಿಷಿದ್ಧ ಅಕ್ಷರವನ್ನು ಸೇರಿಸಿ ವ್ಯವಸ್ಥೆಯನ್ನು ಕೆಡಿಸಿದ್ದಾಳೆ. ಅದನ್ನು ತೆಗೆದ ಮೇಲೆ ವ್ಯವಸ್ಥೆ ಸಂಪೂರ್ಣ ಸುಸ್ಥಿತಿಯಲ್ಲಿದೆ.'

ನಿಷಿದ್ಧ ಎಂದು ಯಾರು, ಯಾವಾಗ ಹೇಳಿದ್ದರು ನನಗೆ?

ನೀನು ಕಂಡುಹಿಡಿದದ್ದು ನನ್ನ ಕುತ್ತಿಗೆಗೇ ಬಂತು. ಮೊದಲು ಕೈ ಕೆಟ್ಟ ಕೆಲಸಗಾರ್ತಿಯಾಗಿದ್ದೆ, ಈಗ ಬೇಕೆಂದೇ ಕೆಡಿಸಿದವಳು. ಬಸ್‌ಸ್ಟ್ಯಾಂಡಿಗೆ ಹೋದರೆ, "ಆ ತಿಳವಳ್ಳಿ ಕೇಸಿನಾಕಿ ಈಕೀನ ನೋಡ" ಎಂದು ಕಿವಿಗೆ ಬೀಳುವಂತೆಯೇ ಮಾತನಾಡುತ್ತಾರೆ. ಎರಡು ಕಡೆ ಕೆಲಸ ಕೇಳಿದೆ. ಹೆಸರು ಹೇಳಿದ ಕೂಡಲೇ ಇಲ್ಲ ಎಂದರು. ಅಣ್ಣ ಮದುವೆಯ ಮಾತೆತ್ತಿದ್ದಾನೆ, ಹುಬ್ಬಳ್ಳಿಯ ಯಾರೋ ಎರಡನೆಯ ಸಂಬಂಧ. ದಿನವಿಡೀ ಅಡುಗೆಮನೆಯ ಕಿಟಕಿ ಹಿಡಿದು ನಿಲ್ಲುತ್ತೇನೆ. ಎದುರಿಗೆ ಮಸೀದಿ ಗೋಡೆ. ಬೇರೇನೂ ಕಾಣುವುದಿಲ್ಲ.

ಇನ್ನು ಬರೆಯಬೇಡ.

ಕೌಸರ


ಶಿಗ್ಗಾಂವಿ
1 ಅಕ್ಟೋಬರ್ 2024

ಕೌಸರ,

ಬರೆಯಬೇಡ ಎಂದೆ. ಆದರೂ ಬರೆಯುತ್ತಿದ್ದೇನೆ.

ಎರಡು ವಾರ ಯೋಚಿಸಿದೆ. ನಾನು ರಾಜೀನಾಮೆ ಕೊಡಬೇಕೆಂದರೆ ಯಾರಿಗೆ ಕೊಡಲಿ? ಮನೆಗೇ ಕೊಡಬೇಕಾಗುತ್ತದೆ. ದೀಪಾವಳಿಗೆ ತವರಿಗೆ ಹೋಗಿಬರುತ್ತೇನೆ ಎಂದರೆ ಭಾವನವರು, "ವಿಚಾರಣಿ ಮುಗೀಲಿ, ಆಮ್ಯಾಲ ನೋಡೋಣು" ಎನ್ನುತ್ತಾರೆ. ಬೆಳಗ್ಗೆ ಇಳಿಯುವುದು, ಸಂಜೆ ಹತ್ತುವುದು. ನಡುವೆ ಹದಿನಾಲ್ಕು ಮೆಟ್ಟಿಲು. ಸರೋಜವ್ವನ ಅಂಗಡಿಗೆ ಹೋಗುವುದಕ್ಕೂ ಒಂದು ಹೊಲಿಗೆಯ ನೆಪ ಬೇಕು. ಇದ್ದ ಬ್ಲೌಸುಗಳನ್ನೆಲ್ಲ ಬಿಚ್ಚಿಸಿ ಮತ್ತೆ ಹೊಲಿಸಿದ್ದಾಯಿತು.

ಒಂದು ಮಾತು ಹೇಳಲೇಬೇಕು, ಅದಕ್ಕೇ ಈ ಕಾಗದ. ಭಾವನವರು ತಿಳವಳ್ಳಿಯ ಹೆಸರಿನಿಂದ ಆ ಚಿಹ್ನೆಯನ್ನು ತೆಗೆದಿದ್ದಾರೆ, ಅಷ್ಟೇ. ಓದುವ ಪ್ರೋಗ್ರಾಮನ್ನು ಮುಟ್ಟಿಲ್ಲ. ಆ ಎರಡು ಸಾಲು ಇದ್ದಲ್ಲೇ ಇವೆ.

ಸವಣೂರು ತಾಲೂಕಿನ ಯಲವಿಗಿಯಲ್ಲಿ, ಸ್ಟೇಷನ್ನಿನ ಹತ್ತಿರ, 'ಖಲಂದರ & ಬ್ರದರ್ಸ್' ಎಂಬ ಬೀಜದ ಅಂಗಡಿಯಿದೆ. ಅದೂ ನಮ್ಮದೇ ಲೈನು. ಆ ಹೆಸರು ಇಂದಿಗೂ ಹಾಗೇ ಇದೆ. ಅದನ್ನು ಬರೆದದ್ದು ನೀನಲ್ಲ. ಭಾವನವರ ಲಾಗಿನ್ನಿನಿಂದ ಬರೆದದ್ದು.

ಅಲ್ಲಿಯ ವೈರು ಕಿತ್ತರೂ ಇಲ್ಲಿ ಹಸಿರೇ ಇರುತ್ತದೆ.

ಇದನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ವೇದಾ


ಹಾನಗಲ್ಲ
27 ಅಕ್ಟೋಬರ್ 2024

ವೇದಾ,

ಯಲವಿಗಿಗೆ ಹೋಗಿದ್ದೆ. ಅಮ್ಮಿಯೂ ಜೊತೆಗೆ ಬಂದಳು. ಖಲಂದರ ಚಾಚಾ ನನ್ನ ಮಾತನ್ನೆಲ್ಲ ಕೇಳಿ, "ನನ್ನ ಅಂಗಡಿ ಹೆಸರಿನಾಗ ಇಷ್ಟೆಲ್ಲಾ ಐತೇನವಾ?" ಎಂದು ಬೋರ್ಡು ನೋಡಲು ಹೊರಗೆ ಎದ್ದು ಹೋದರು. ಬೇಕಾದಾಗ ಬಂದು ವೈರು ಕೀಳಿರಿ ಎಂದಿದ್ದಾರೆ.

ಆ ವೈರು ಕಿತ್ತು ಬಣ್ಣ ಪರೀಕ್ಷಿಸಿರಿ ಎಂದು ಕುಬೇರಪ್ಪನ ವಕೀಲರ ಮುಖಾಂತರ ವಿಚಾರಣಾಧಿಕಾರಿಗೆ ಅರ್ಜಿ ಕೊಟ್ಟೆವು. ಮೊದಲಿಗೆ ಅಧಿಕಾರಿ ನಕ್ಕರು. ಆಮೇಲೆ ಒಪ್ಪಿದರು. ನವೆಂಬರ್ ಮೊದಲ ವಾರದಲ್ಲಿ ಯಲವಿಗಿಗೆ ಬರುತ್ತಾರೆ. ಯಾವ ದಿನ ಎಂದು ಹೇಳಿಲ್ಲ, ಎಲ್ಲಿಗೆ ಎಂದು ಕಂಪನಿಗೆ ಹೇಳುವುದೂ ಇಲ್ಲ. ಅಂಗಡಿಯಿಂದಲೇ ನಿಮ್ಮ ಆಫೀಸಿಗೆ ಫೋನ್ ಮಾಡಿ ಬಣ್ಣ ಕೇಳುತ್ತಾರೆ.

ಫೋನ್ ಎತ್ತುವವರು ಯಾರೋ ಗೊತ್ತಿಲ್ಲ. ನೀನೇ ಎತ್ತಿದರೂ ನಾನು ನಿನ್ನಿಂದ ಏನೂ ಬೇಡುವುದಿಲ್ಲ. ನೀನು ಅಲ್ಲೇ ಬಾಳಬೇಕಾದವಳು.

ಕೌಸರ


ಶಿಗ್ಗಾಂವಿ
9 ನವೆಂಬರ್ 2024

ಕೌಸರ,

ಆ ಕಡೆ ವೈರು ಕೀಳುವಾಗ ನೀನಿದ್ದೆ. ಈ ಕಡೆ ಏನಾಯಿತು ಎಂದು ಬರೆಯುತ್ತೇನೆ.

ಫೋನ್ ಎತ್ತಿದವರು ಭಾವನವರೇ. ವಿಚಾರಣಾಧಿಕಾರಿ ತಮ್ಮ ಹೆಸರು ಹೇಳಿದ ಕೂಡಲೇ ಭಾವನವರ ಮುಖ ಬದಲಾಯಿತು. ರಿಸೀವರ್‌ಗೆ ಕೈ ಮುಚ್ಚಿ ನನ್ನ ಕಡೆ ತಿರುಗಿ, "ಸರ್ವರ್ ಬಂದ್ ಅದ ಅಂತ ಹೇಳು. ರಿಪೇರಿ ನಡದದ ಅನ್ನು. ಹೆಣ್ಣುಮಕ್ಕಳ ದನಿ ಆದ್ರ ಜಾಸ್ತಿ ಕೇಳೂದಿಲ್ಲ" ಎಂದು ನನ್ನ ಕೈಗೆ ಕೊಟ್ಟರು. ಕುರ್ಚಿಯ ಹಿಂದೆಯೇ ನಿಂತರು. ಅವರ ಉಸಿರು ನನ್ನ ತಲೆಗೆ ತಾಗುತ್ತಿತ್ತು.

"ಯಲವಿಗಿ, ಖಲಂದರ ಅಂಗಡಿ. ನಿಮ್ಮ ಸ್ಕ್ರೀನ್ ಮೇಲೆ ಈಗ ಯಾವ ಬಣ್ಣ ಇದೆ ಹೇಳಿ" ಎಂದಿತು ಆ ಕಡೆಯ ದನಿ.

ಸ್ಕ್ರೀನಿನಲ್ಲಿ ಯಲವಿಗಿ ಹಸಿರಾಗಿತ್ತು. ನಾನು ಗಂಡನ ಕಡೆ ನೋಡಿದೆ. ಅವರು ಬಿಲ್ಲುಗಳನ್ನು ಎಣಿಸುತ್ತಿದ್ದರು, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದರು.

"ಹಸಿರು ಅದರಿ" ಎಂದೆ.

"ಖಾತ್ರಿನಾ?"

"ಬಣ್ಣ ಹಸಿರು ಇರೂದು ಖಾತ್ರಿ ಅದರಿ. ಆದ್ರ ಅದು ಖರೇ ಅಲ್ರಿ. ಆ ಪೆಟ್ಟಿಗಿ ಏನ್ ಹೇಳ್ಲಿಕ್ಕೆ ಹತ್ತೇದ ಅಂತ ನಾವು ಓದೇ ಇಲ್ರಿ. ತಿಳವಳ್ಳಿದೂ ಓದಿದ್ದಿಲ್ರಿ."

ಭಾವನವರ ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ಕುರ್ಚಿಯನ್ನು ಹಿಂದಕ್ಕೆ ಎಳೆದರು, ನಾನು ರಿಸೀವರ್ ಬಿಡಲಿಲ್ಲ. "ನೀವು ಯಾರು?" ಎಂದರು ಅಧಿಕಾರಿ.

"ವೇದಾ ಅಂತ್ರಿ. ಈ ಮನಿ ಸೊಸಿ."

ಮರುದಿನ ಅವರು ಇಲ್ಲಿಗೇ ಬಂದರು. ತಿಳವಳ್ಳಿಯ ಪೆಟ್ಟಿಗೆ ಆ ಮಧ್ಯಾಹ್ನ ಕಳಿಸಿದ ಉತ್ತರಗಳನ್ನೆಲ್ಲ ನಾನೇ ತೆಗೆದು ಮುಂದಿಟ್ಟೆ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಮಾವನವರು ಹೊರಗಿನ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

ಅವತ್ತಿನಿಂದ ಮನೆಯಲ್ಲಿ ನನ್ನೊಡನೆ ಯಾರೂ ಮಾತಾಡುವುದಿಲ್ಲ. ಪ್ರಾಣೇಶ ಮಾತ್ರ ನಿನ್ನೆ ಸ್ನಾನಕ್ಕೆ ಹೊರಟವರು ನಿಂತು, "ನೀ ಹೇಳಿದ್ದು ತಪ್ಪಲ್ಲ. ಆದ್ರ ಅಣ್ಣನ ಮುಂದ ಅದನ್ನ ಹೇಳೂ ಧೈರ್ಯ ನನಗಿಲ್ಲ. ನನ್ನ ಮ್ಯಾಲ ಆಸೆ ಇಡಬ್ಯಾಡ" ಎಂದರು. ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು.

ವೇದಾ


ಹಾನಗಲ್ಲ
30 ನವೆಂಬರ್ 2024

ವೇದಾ,

ಆದೇಶ ಬಂತು. ನನ್ನ ಮೇಲಿನ ಆರೋಪವನ್ನೆಲ್ಲ ತೆಗೆದುಹಾಕಿದ್ದಾರೆ. ಗುತ್ತೆವ್ವನ ಸಾವಿಗೆ ಕಂಪನಿಯೂ ಹೊಣೆ ಎಂದು ಬರೆದಿದ್ದಾರೆ. ಓದುವ ಪ್ರೋಗ್ರಾಮನ್ನು ಸರಿಪಡಿಸಿ ತೋರಿಸುವವರೆಗೆ ದವಾಖಾನೆಗಳ ಲೈನು ನಿಮ್ಮ ಕೈಯಲ್ಲಿ ಇರುವಂತಿಲ್ಲ.

ಅಮ್ಮಿ ಓಣಿಗೆಲ್ಲ ಶೀರಾ ಹಂಚಿದಳು. ನನ್ನ ಪಾಲನ್ನು ಓಣಿಯ ಮಕ್ಕಳಿಗೇ ಕೊಟ್ಟೆ. ಜೀಪಿನ ನೆನಪು ಬರುತ್ತದೆ, ಅದಕ್ಕೆ ಯಾವ ಆದೇಶವೂ ಇಲ್ಲ.

ನಿನ್ನ ಮಾವನವರು ಫೋನ್ ಮಾಡಿಸಿದ್ದರು, ಕೆಲಸಕ್ಕೆ ತಿರುಗಿ ಬಾ ಎಂದು. ಆಗುವುದಿಲ್ಲ ಎಂದೆ. ಸವಣೂರಿನಲ್ಲಿ ಬೇರೆ ಕಡೆ ಕೇಳಿದ್ದೇನೆ, ಜನವರಿಯಿಂದ ಬಾ ಎಂದಿದ್ದಾರೆ.

ನಿನ್ನ ನಂಬರಿನ ಬ್ಲಾಕ್ ತೆಗೆದಿದ್ದೇನೆ. ಆದರೂ ನೀನು ಕಾಗದವನ್ನೇ ಬರೆ. ಫೋನಿನಲ್ಲಿ ನಾನು ನಿನ್ನನ್ನು ಬೈದುಬಿಡುತ್ತೇನೆ, ಇಲ್ಲವೇ ಅತ್ತುಬಿಡುತ್ತೇನೆ.

ನನ್ನ ಬಾಗಿಲು ತೆರೆಯಿತು. ನಿನ್ನದು?

ನಿನ್ನ ಕೌಸರ


ಶಿಗ್ಗಾಂವಿ
22 ಡಿಸೆಂಬರ್ 2024

ಪ್ರೀತಿಯ ಕೌಸರ,

ನನ್ನ ಬಾಗಿಲಿನ ವಿಷಯ ಕೇಳಿದ್ದೀಯ. ಹೊಸ ಪ್ರೋಗ್ರಾಮನ್ನು ನಾನೇ ಬರೆಯುತ್ತಿದ್ದೇನೆ. ಭಾವನವರು ಬರೆದರೆ ಅಧಿಕಾರಿ ನಂಬುವುದಿಲ್ಲ, ಬೇರೆ ಯಾರಿಗೂ ಬರುವುದಿಲ್ಲ, ಆದ್ದರಿಂದ ನನ್ನನ್ನು ಬಿಡುವಂತೆಯೂ ಇಲ್ಲ, ಮಾತಾಡಿಸುವಂತೆಯೂ ಇಲ್ಲ. ಬೇಕಾದ್ದನ್ನು ಭಾವನವರು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಾರೆ.

ಮೊನ್ನೆ ಗುರುವಾರ ಹೀಗಾಯಿತು. ನಾನು ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದೆ. ಅತ್ತೆಯವರು ಬಂದು ಎದುರಿಗೆ ಕುಳಿತರು. ನವೆಂಬರಿನಿಂದ ಈಚೆ ಅವರು ನನ್ನೊಡನೆ ಆಡಿದ ಮೊದಲ ಮಾತು:

"ಆ ಹುಡುಗಿ ಹೆಸರೇನು?"

"ಯಾವ ಹುಡುಗಿ ಅತ್ಯಾ?"

"ಸತ್ತಾಕಿ. ಇಷ್ಟು ದಿನ ಆತು, ಈ ಮನ್ಯಾಗ ಒಬ್ರೂ ಆಕಿ ಹೆಸರು ಹೇಳಿಲ್ಲ. ಕಂಪ್ಲೇಂಟು ಅಂತಾರ, ಕೇಸು ಅಂತಾರ."

"ಗುತ್ತೆವ್ವ ಅತ್ಯಾ."

"ಕೂಸು?"

"ಅದ."

"ನಡೀ, ಹೋಗಿ ಬರೋಣು" ಎಂದರು. ಮಾವನವರನ್ನು ಕೇಳಲಿಲ್ಲ. ಕೈಚೀಲದಲ್ಲಿ ಕೂಸಿನ ತಲೆಗೆ ಒಂದು ಕುಲಾಯಿ, ಹೊದಿಸಲು ಒಂದು ದುಪಟಿ ಹಾಕಿಕೊಂಡು ಮುಂದೆ ನಡೆದರು. ಕೆಳಗೆ ಆಫೀಸಿನ ಬಾಗಿಲು ದಾಟುವಾಗ ಭಾವನವರು, "ಎಲ್ಲಿಗವ್ವಾ?" ಎಂದು ಎದ್ದರು. "ಊರಿಗೆ" ಎಂದರು ಅತ್ತೆ. ಅಷ್ಟೇ.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದೆವು. ನಿನ್ನ ಓಣಿಯ ಕಡೆ ನೋಡಿದೆ. ಬರಲಿಲ್ಲ, ತಪ್ಪು ತಿಳಿಯಬೇಡ. ತಿಳವಳ್ಳಿಯಲ್ಲಿ ಮನೆ ಕೇಳಿದರೆ ಜನ ನಮ್ಮನ್ನು ಮೇಲಿಂದ ಕೆಳಗೆ ನೋಡಿ ದಾರಿ ತೋರಿಸಿದರು. ಕುಬೇರಪ್ಪ ಅಂಗಳದಲ್ಲಿ ಗೋವಿನಜೋಳ ಒಣಹಾಕುತ್ತಿದ್ದರು. ಅವರ ತಾಯಿ ಸಿದ್ದವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಹೆಣ್ಣು ಕೂಸು.

ನಾನು ಯಾರೆಂದು ಹೇಳಿದೆ. ಕುಬೇರಪ್ಪ ಕೈಯಲ್ಲಿದ್ದ ಜೋಳವನ್ನು ಕೆಳಗೆ ಸುರಿದು ನಿಂತರು. "ಫೋನಿನ್ಯಾಗ ಖರೇ ಹೇಳಿದ ಅಕ್ಕಾರು ನೀವೇನ್ರಿ?" ಎಂದರು. ಹೌದೆಂದೆ. ಕೈ ಒರೆಸಿಕೊಂಡು ಕೇಳಿದರು, "ಆವತ್ತು ಮಧ್ಯಾಹ್ನನ ಲೈನ್ ಇಲ್ಲ ಅಂತ ಯಾರರ ಅಂದಿದ್ರ ನಾವು ಗಾಡಿ ಮಾಡ್ಕೊಂಡು ಹೋಗ್ತಿದ್ವಿರಿ. ಆಕಿ ಉಳೀತಿದ್ಲೇನ್ರಿ?"

ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

"ಉಳೀತಿದ್ಲು ಅನಸ್ತದ್ರಿ" ಎಂದೆ.

ಅವರು ಗೋಣು ಹಾಕಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅತ್ತೆ ಅಷ್ಟು ಹೊತ್ತಿಗೆ ಸಿದ್ದವ್ವನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು ಕೂಸನ್ನು ಎತ್ತಿಕೊಂಡಿದ್ದರು. ಸಿದ್ದವ್ವ ಒಮ್ಮೆ ಕೈ ಮುಂದೆ ಮಾಡಿದಳು ಕಸಿದುಕೊಳ್ಳುವಂತೆ, ಆಮೇಲೆ ಬಿಟ್ಟಳು. ಕುಲಾಯಿ ಚಿಕ್ಕದಾಯಿತು, ಕಿವಿ ಮುಚ್ಚಲಿಲ್ಲ. "ಬೆಳದದ" ಎಂದರು ಅತ್ತೆ. "ಮತ್ತ ಬೆಳೀದ ಏನ್ ಮಾಡ್ತೈತ್ರಿ" ಎಂದಳು ಸಿದ್ದವ್ವ.

ಚಹಾ ಕೊಟ್ಟರು, ಕುಡಿದೆವು. ಮತ್ತೆ ಬನ್ನಿ ಎಂದು ಅವರು ಹೇಳಲಿಲ್ಲ, ಬರುತ್ತೇವೆ ಎಂದು ನಾವೂ ಹೇಳಲಿಲ್ಲ.

ತಿರುಗಿ ಬರುವಾಗ ಅತ್ತೆ ಕಿಟಕಿಯ ಪಕ್ಕ ಕುಳಿತರು. ಶಿಗ್ಗಾಂವಿ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ನಾನು ಎದ್ದೆ, ಅವರು ಏಳಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

"ಅತ್ಯಾ, ಊರು ಬಂತು."

"ಬಂತು, ಗೊತ್ತದ" ಎಂದರು. "ಮೂವತ್ತೆಂಟು ವರ್ಷ ಆತು ವೇದಾ, ನಾ ಆ ಮನಿಗೆ ಬಂದು. ಇನ್ನೊಂದು ಸ್ವಲ್ಪ ಕೂಡ್ರೋಣು."

ನಾನು ಮತ್ತೆ ಕುಳಿತೆ. ಕಂಡಕ್ಟರ್ ಹಿಂದಿನಿಂದ ಸೀಟುಗಳನ್ನು ನೋಡುತ್ತ ಬಂದು, "ಅವ್ವಾರ, ಇದ ಕಡೀ ಸ್ಟಾಪ್ ರೀ. ಗಾಡಿ ಮುಂದ ಹೋಗೂದಿಲ್ರಿ" ಎಂದ.

"ಹೂಂನಪಾ" ಎಂದರು ಅತ್ತೆ. ಏಳಲಿಲ್ಲ. ಅವನು ನಮ್ಮಿಬ್ಬರನ್ನೂ ನೋಡಿ, ಏನೂ ಹೇಳದೆ, ಚಹಾ ಕುಡಿಯಲು ಇಳಿದು ಹೋದ.

ವೇದಾ